ಎದೆನೋವು ಬಂದಾಗ



2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. ಮುನಿರಾಬಾದಿನ ನಮಗೆ ಬೆಳೆಯ ಚಿಂತೆ, ಸಾಲದ ಚಿಂತೆ. ಚಿಂತೆಗೆ ಬೀಡಿ ಸೇರಿದರೆ ಗುಂಡಿಗೆಗೆ ಭಾರ. ನಟ ಪುನೀತ್ ರಾಜ್‌ಕುಮಾರ್ ದಿನಾ ವ್ಯಾಯಾಮ ಮಾಡುತ್ತಿದ್ದರು. 2021ರಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಬರೀ 46.

ಎದೆ ಹಿಂಡಿದಂಗ ನೋವು, ಕೈಗೆ, ದವಡೆಗೆ ಸೆಳೆತ, ತಣ್ಣನೆ ಬೆವರು. ನಾವು ಏನಂತೀವಿ? "ವಾಯು ಆಗೈತಿ, ಸೋಡಾ ಕುಡಿದು ಮಲಗು." ಬೆಳಗಾಗುವಷ್ಟರಲ್ಲಿ ಕೈ ಮೀರಿರತೈತಿ. ಹೆಂಗಸರಿಗೆ ಬರೀ ಸುಸ್ತು, ಉಬ್ಬಸ ಇರಬಹುದು. ಅವರು ಬಾಯಿಬಿಟ್ಟು ಹೇಳೋದೂ ಇಲ್ಲ!

ರೋಗಿಯನ್ನು ನಡೆಸಬೇಡಿ, ಕೂಡಿಸಿ. 108ಕ್ಕೆ ಫೋನ್ ಮಾಡಿ. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಬಂತು. ಯೋಜನೆಗೆ ಸೇರಿದ ಸರ್ಕಾರಿ ಆಸ್ಪತ್ರೆಗಳಲ್ಲಿ ರಕ್ತದ ಗಡ್ಡೆ ಕರಗಿಸುವ ದುಬಾರಿ ಸೂಜಿಮದ್ದು ಪುಕ್ಕಟೆ.

ಈಗ ಅಂಕಿ ಕಲಿತೀವಲ್ಲ, ಇವತ್ತೇ ಬಾಗಿಲ ಪಕ್ಕ ದೊಡ್ಡದಾಗಿ ಬರೀರಿ: 108. ರಾತ್ರಿ ಯಾರ ಗಾಡಿ ಸಿಗತೈತಿ, ಅದನ್ನೂ ಕೇಳಿಟ್ಟುಕೊಳ್ಳಿ.