ಪುಟ್ಟ ರಾಜಕುಮಾರಿಯ ಫ್ರಾಕು



ನವೆಂಬರ್ 1ರ ರಾಜ್ಯೋತ್ಸವ, ಛದ್ಮವೇಷ ಸ್ಪರ್ಧೆ ಎಂದರೆ ಮನೆಮನೆಯಲ್ಲೂ ಒಂದು ಪುಟ್ಟ ಜಗಳ. ಅಜ್ಜಿಗೆ ಮೊಮ್ಮಗಳು ಕಿತ್ತೂರು ಚೆನ್ನಮ್ಮನೋ ಉಳ್ಳಾಲದ ಅಬ್ಬಕ್ಕನೋ ಆಗಬೇಕು. ಮಗುವಿಗೆ ‘ಫ್ರೋಜನ್’ ಸಿನಿಮಾದ ಎಲ್ಸಾಳ ನೀಲಿ ಫ್ರಾಕೇ ಬೇಕು. ಈ ಸಲ ಮಗುವೇ ಗೆದ್ದಿತು ಎಂದುಕೊಳ್ಳೋಣ. ನಾನು ಹೇಳಬಯಸುವುದು ಇಷ್ಟೇ: ಫ್ರಾಕನ್ನು ಫೋಟೋಗಾಗಿ ಅಲ್ಲ, ಮಗುವಿಗಾಗಿ ಹೊಲಿಯಿರಿ.

ಮೊದಲು ಅಳತೆ. ಮಗುವಿನ ಸೊಂಟ 21 ಇಂಚು ಎನ್ನಿ. ಸಡಿಲಕ್ಕೆ 1 ಇಂಚು ಸೇರಿಸಿದರೆ 22. ಅದನ್ನು 6.28ರಿಂದ ಭಾಗಿಸಿದರೆ ಮೂರೂವರೆ ಇಂಚು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಮಡಿಕೆಯ ಮೂಲೆಯಿಂದ ಮೂರೂವರೆ ಇಂಚಿಗೆ ಕಮಾನು ಎಳೆದರೆ ಅದೇ ಸೊಂಟ. ಅಲ್ಲಿಂದ ಸ್ಕರ್ಟಿನ ಉದ್ದ ಗುರುತಿಸಿ. ಹೊಲಿಗೆಗೆ ಬಟ್ಟೆ ಬಿಡುವುದನ್ನು ಮರೆಯಬೇಡಿ. ಪನ್ನ ಸಾಲದಿದ್ದರೆ ಎರಡು ಅರ್ಧವೃತ್ತ ಕತ್ತರಿಸಿ ಜೋಡಿಸಿ. ಅಂಚು ನೆಲದಿಂದ 3 ಇಂಚಾದರೂ ಮೇಲಿರಲಿ. ಮಗು ವೇದಿಕೆಯ ಮೆಟ್ಟಿಲು ಹತ್ತಬೇಕಲ್ಲ!

ಮಂಗಲ್‌ದಾಸ್ ಮಾರ್ಕೆಟ್‌ಗೆ ಹೋದರೆ ಹೊಳೆಯುವ ನೆಟ್ ಕಣ್ಣು ಸೆಳೆಯುತ್ತದೆ. ತನ್ನಿ, ಆದರೆ ಅದು ಮೈಗೆ ತಾಗಬಾರದು. ಚುಚ್ಚಿದರೆ ಮಗು ವೇದಿಕೆಯಲ್ಲೇ ಅಳುತ್ತದೆ. ಒಳಗೆ ಹಳೆಯ ವಾಯಿಲ್ ಸೀರೆಯ ಲೈನಿಂಗ್ ಕೊಡಿ, ಸೊಂಟದ ಒಳಹೊಲಿಗೆಯ ಮೇಲೆ ಹತ್ತಿಯ ಪಟ್ಟಿ ಹೊಲಿಯಿರಿ. ಬೆನ್ನಿಗೆ ಜಿಪ್ಪಿನ ಬದಲು ವೆಲ್ಕ್ರೋ ಹಾಕಿದರೆ ಶೌಚಕ್ಕೆ ಓಡುವಾಗ ಪಜೀತಿಯಿಲ್ಲ.

ಎರಡು ಎಚ್ಚರಿಕೆ. ನೈಲಾನ್, ಪಾಲಿಯೆಸ್ಟರ್ ನೆಟ್‌ಗೆ ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ದೀಪಾವಳಿಯೂ ಇದೇ ಹೊತ್ತಿಗೆ ಬರುತ್ತದೆ. ಈ ಉಡುಗೆಯಲ್ಲಿ ಮಗುವನ್ನು ಹಣತೆ, ಪಟಾಕಿ, ವೇದಿಕೆಯ ದೀಪದ ಹತ್ತಿರ ಬಿಡಬೇಡಿ. ಇನ್ನೊಂದು, ಬೆನ್ನ ಹಿಂದಿನ ಮೇಲಂಗಿಯನ್ನು ಕತ್ತಿಗೆ ದಾರದಿಂದ ಕಟ್ಟಬೇಡಿ. ಎಲ್ಲಾದರೂ ಸಿಕ್ಕಿಕೊಂಡರೆ ಕತ್ತು ಬಿಗಿಯುತ್ತದೆ. ಭುಜದ ಮೇಲೆ ಎರಡು ತುಂಡು ವೆಲ್ಕ್ರೋ ಇಟ್ಟರೆ, ಎಳೆದ ತಕ್ಷಣ ಬಿಟ್ಟುಕೊಳ್ಳುತ್ತದೆ. ಮಣಿಗಳನ್ನು ಅಂಟಿಸುವ ಬದಲು ಜರಿ ಲೇಸು ಹೊಲಿಯಿರಿ, ಕಿತ್ತು ಬಾಯಿಗೆ ಹಾಕುವ ಭಯವಿಲ್ಲ.

ಪಕ್ಕದ ಹೊಲಿಗೆಯಲ್ಲಿ ಒಂದೊಂದು ಇಂಚು ಬಿಡಿ, ಲೈನಿಂಗ್‌ಗೆ ಒಂದೆರಡು ಟಕ್ಸ್ ಹಿಡಿಯಿರಿ. ಮುಂದಿನ ವರ್ಷ ಬಿಚ್ಚಿದರಾಯಿತು. ಇಲ್ಲವೇ ಪಕ್ಕದ ಮನೆಯ ಮಗುವಿಗೆ ಕೊಡಬಹುದು.

ಸ್ಪರ್ಧೆಗೆ ಎರಡು ದಿನ ಮೊದಲೇ ತೊಡಿಸಿ ನೋಡಿ. ಮಗು ಕೂರಲಿ, ಕುಣಿಯಲಿ, ಎರಡೂ ಕೈ ಮೇಲೆತ್ತಲಿ. ಬಹುಮಾನ ಯಾರಿಗಾದರೂ ಬರಲಿ. ವೇದಿಕೆ ಇಳಿದ ಮಗು “ಬಿಚ್ಚಮ್ಮಾ” ಎನ್ನದೆ ಅದೇ ಫ್ರಾಕಿನಲ್ಲಿ ಆಡಲು ಓಡಿದರೆ ನಿಮ್ಮ ಹೊಲಿಗೆ ಗೆದ್ದಂತೆ.