ಹೊಗೆಯೊಳಗಣ ಎಚ್ಚರ



ತರ್ಕಶಾಸ್ತ್ರ ಓದುವವರಿಗೆ ಮೊದಲು ಹೇಳಿಕೊಡುವ ಉದಾಹರಣೆ ಬೆಟ್ಟದ ಮೇಲಿನ ಹೊಗೆಯದು. ಹೊಗೆಯುಂಟು, ಆದಕಾರಣ ಅಲ್ಲಿ ಬೆಂಕಿಯುಂಟು, ಅಡುಗೆಮನೆಯಲ್ಲಿ ಕಂಡಿದ್ದೇವಷ್ಟೆ! ಇದಕ್ಕೆ ಅನುಮಾನವೆಂದು ಹೆಸರು. ನೀವು ಅನ್ನುವ ಸಂಶಯವಲ್ಲ, ಊಹಿಸಿ ತಿಳಿಯುವುದು. ಆದರೆ ಉರಿಯುವ ಮನೆಯನ್ನು ಹೊಗುವ ಅಗ್ನಿಶಾಮಕ ದಳದವನಿಗೆ ಇಷ್ಟೇ ಸಾಲದು. ಬೆಂಕಿ ಎಲ್ಲಿದೆ, ಎತ್ತ ಸಾಗುತ್ತಿದೆ, ಇನ್ನೆರಡು ನಿಮಿಷಕ್ಕೆ ಏನಾದೀತು ಎಂಬುದನ್ನೂ ಆ ಹೊಗೆಯಿಂದಲೇ ಅವನು ಅರಿಯಬೇಕು.

ಬಾಗಿಲು ಮುಚ್ಚಿದ ಕೋಣೆಯಲ್ಲಿ ಗಾಳಿ ಸಾಲದೆ ಬೆಂಕಿ ಅಡಗಿ ಕುಳಿತಿರುತ್ತದೆ. ಸಂದಿಯಲ್ಲಿ ಹೊಗೆ ಉಸಿರಾಡಿದಂತೆ ಒಳಕ್ಕೂ ಹೊರಕ್ಕೂ ಆಡುತ್ತಿರುತ್ತದೆ. ಅವಸರದಿಂದ ಬಾಗಿಲು ತೆಗೆದರೆ ಗಾಳಿ ನುಗ್ಗಿ ಇಡೀ ಕೋಣೆಯೇ ಸಿಡಿದೇಳುವುದು. ಬಲ್ಲವನು ಮೊದಲು ಮನೆಯನ್ನು ಒಂದು ಸುತ್ತು ಬಂದು ನೋಡುತ್ತಾನೆ. ಒಳಹೊಕ್ಕ ಮೇಲೆ ಬಾಗಿ, ಗೋಡೆ ಹಿಡಿದು, ಬಂದ ದಾರಿಯನ್ನು ನೆನಪಿಟ್ಟು ನಡೆಯುತ್ತಾನೆ.

ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 2010ರ ಫೆಬ್ರವರಿ 23ರಂದು 9 ಜನ ತೀರಿಕೊಂಡರು. ಅಲ್ಲಿ ಉರಿಗಿಂತ ಮೇಲಿನ ಮಹಡಿಗಳಿಗೆ ಏರಿದ ಹೊಗೆಯೇ ಜನರನ್ನು ಕಂಗೆಡಿಸಿತು. ಉಸಿರು ಕಟ್ಟಿ ಕೆಲವರು ಕಿಟಕಿಯಿಂದ ಹಾರಿದರು.

ಅದು ಪಟ್ಟಣದ ಮಾತಾಯಿತು. ನಮ್ಮ ಅರಸೀಕೆರೆ, ಹರಪನಹಳ್ಳಿ ಸೀಮೆಯ ಹಳೆಯ ಮಾಳಿಗೆ ಮನೆಗಳನ್ನು ನೋಡಿರಿ. ತೊಲೆ-ಜಂತೆಗಳ ಮೇಲೆ ಮಣ್ಣಿನ ಭಾರ. ಬೆಂಕಿ ತೊಲೆಯನ್ನು ತಿನ್ನುತ್ತಿರುವಾಗ ನಾವು ಮೇಲೆ ಸುರಿದ ನೀರೂ ಮಣ್ಣಿಗಿಳಿದು ಭಾರವಾಗುವುದು. ತಲೆಯ ಮೇಲೆ ಮಣ್ಣು ಉದುರತೊಡಗಿದರೆ ಒಳಗಿದ್ದವನು ಕೈಯ ಕೆಲಸ ಬಿಟ್ಟು ಹೊರಬೀಳಬೇಕು. ಬೀಳುವನೇ? ಅದೇ ಕಷ್ಟ. ಒಳಗೊಂದು ಮಗುವಿನ ಕೂಗು ಕೇಳಿತೆಂದರೆ ಮನಸ್ಸು ಅಲ್ಲಿಯೇ ನೆಟ್ಟುಹೋಗುವುದು. ತೊಲೆಯ ಸಪ್ಪಳ ಕಿವಿಗೆ ಬೀಳದು. ಧ್ಯಾನಕ್ಕೆ ಏಕಾಗ್ರತೆ ಬೇಕೆಂದು ನಾವೇ ಎಷ್ಟೋ ಸಲ ಹೇಳಿದ್ದೇವೆ. ಇಲ್ಲಿ ಅದೇ ಮುಳುವು. ಇಲ್ಲಿ ಬೇಕಾದುದು ಎಲ್ಲವನ್ನೂ ಒಟ್ಟಿಗೆ ಕಾಣುವ ಅರಿವು. ಆದ್ದರಿಂದಲೇ ದಳದ ನಾಯಕನು ಹೊರಗೆ ನಿಂತು ಇಡೀ ಮನೆಯನ್ನು ನೋಡುತ್ತಿರುತ್ತಾನೆ. ಅವನು ಕರೆದರೆ ಒಳಗಿನವನು ಮರುಮಾತಿಲ್ಲದೆ ಬರಬೇಕು. ಇದು ಹೇಡಿತನವಲ್ಲ.

ಇನ್ನು ನಿಮ್ಮ ಕೆಲಸ. 101ಕ್ಕೋ 112ಕ್ಕೋ ಕರೆ ಮಾಡಿ, ವಾಹನ ಬಂದೊಡನೆ ನೂರು ಜನ ನೂರು ದಿಕ್ಕಿಗೆ ಕೂಗಬೇಡಿರಿ. ಮನೆ ಬಲ್ಲವನೊಬ್ಬನು ಮುಂದೆ ನಿಂತು ಹೇಳಲಿ: ಒಳಗೆ ಯಾರಿದ್ದಾರೆ, ಯಾವ ಕೋಣೆ, ಸಿಲಿಂಡರ್ ಎಲ್ಲಿ, ಕರೆಂಟು ತೆಗೆದಿದೆಯೇ. ಮನೆಯವರನ್ನು ತಲೆ ಎಣಿಸಿರಿ. ಎಲ್ಲರೂ ಹೊರಗಿದ್ದಾರೆಂದು ಖಚಿತವಾಗಿ ಹೇಳಿದಿರಾದರೆ, ಇಲ್ಲದವರನ್ನು ಹುಡುಕುತ್ತ ಅವನು ಆ ಮಾಳಿಗೆಯ ಕೆಳಗೆ ಹೋಗಬೇಕಾದ ಪ್ರಸಂಗವೇ ಬಾರದು.