ನಾಲ್ಕು ದಾರಿಯ ಊರು

ಹೆದ್ದಾರಿ ಎಂಬ ಮಾತು ನಮ್ಮ ಕಾಲದ್ದೆಂದು ತೋರುತ್ತದೆ. ಆದರೆ ಅದರ ಮೊದಲಿಗೆ ಕುಳಿತಿರುವುದು ‘ಹಿರಿದು’ ಎಂಬ ಹಳೆಯ ಪದ. ಹೆಮ್ಮರ, ಹೆಬ್ಬಾಗಿಲುಗಳ ಕುಲಕ್ಕೇ ಅದು ಸೇರಿದ್ದು. ಆ ಕುಲದಲ್ಲಿ ಹೆಜ್ಜುಂಕ ಎಂಬ ಇನ್ನೊಂದು ಮಾತುಂಟು. ಶಾಸನಗಳಲ್ಲಿ ಅದು ಹೆರ್ಜುಂಕ, ಅಂದರೆ ಹಿರಿಯ ಸುಂಕ. ಬನವಾಸಿ ನಾಡಿನ ಶಾಸನಗಳಲ್ಲಿ ಹೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರುಗಳು ಜೊತೆಜೊತೆಯಾಗಿ ಬರುತ್ತವೆ. ವಚನಕಾರರಲ್ಲಿಯೂ ಸುಂಕದ ಕಾಯಕವನ್ನೇ ಹೆಸರಿಗೆ ಕಟ್ಟಿಕೊಂಡ ಸುಂಕದ ಬಂಕಣ್ಣನೆಂಬ ಶರಣನಿದ್ದಾನೆ. ಸುಂಕವಿದ್ದಲ್ಲಿ ಸರಕು ಸಾಗುತ್ತಿರಬೇಕು. ಸರಕು ಸಾಗುವಲ್ಲಿ ದಾರಿ ಇರಲೇಬೇಕು. ಆದ್ದರಿಂದ ದಾರಿಗೂ ವ್ಯಾಪಾರಕ್ಕೂ ಇರುವ ನಂಟು ಈ ಸೀಮೆಗೆ ಹೊಸದಲ್ಲ.

ಈ ನಂಟನ್ನು ನೋಡಲು ಸೊರಬ ತಾಲ್ಲೂಕಿನ ಆನವಟ್ಟಿಯನ್ನು ತೆಗೆದುಕೊಳ್ಳೋಣ. ಊರು ದೊಡ್ಡದಲ್ಲ. ಆದರೆ ಅಲ್ಲಿಂದ ಒಂದು ದಾರಿ ಶಿರಾಳಕೊಪ್ಪ, ಶಿಕಾರಿಪುರಗಳ ಮೂಲಕ ಶಿವಮೊಗ್ಗಕ್ಕೆ ಇಳಿಯುತ್ತದೆ. ಒಂದು ಹಾನಗಲ್ಲನ್ನು ಹಾದು ಹುಬ್ಬಳ್ಳಿಯತ್ತ ಹೋಗುತ್ತದೆ. ಒಂದು ಸೊರಬದಿಂದ ಸಾಗರಕ್ಕೆ, ಇನ್ನೊಂದು ಜಡೆಯ ಕಡೆಯಿಂದ ಬನವಾಸಿ, ಶಿರಸಿಗಳಿಗೆ. ಹೀಗಿದ್ದೂ ಬಹುಕಾಲ ಈ ಊರು ಎರಡು ಆಡಳಿತಗಳ ಅಂಚಿನಲ್ಲಿಯೇ ಉಳಿಯಿತು. 1956ರ ನವೆಂಬರ್ 1ಕ್ಕೆ ಮುಂಚೆ ಆನವಟ್ಟಿ ಮೈಸೂರಿನದು, ಹಾನಗಲ್ಲು ಮುಂಬಯಿಯದು. ಮೈಸೂರಿನ ರೈಲು 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಬಂತು. ಮುಂಬಯಿ ಕಡೆಯ ರೈಲು ಅದಕ್ಕೂ ಮೊದಲೇ ಹಾವೇರಿಯಲ್ಲಿ ಹಾದುಹೋಗಿತ್ತು. ನಡುವಿನ ಈ ಸೀಮೆಗೆ ಎತ್ತಿನ ಗಾಡಿಯೇ ಗತಿಯಾಯಿತು. ಏಕೀಕರಣವೆಂದರೆ ನಾವು ಸಾಮಾನ್ಯವಾಗಿ ಭಾಷೆಯನ್ನೂ ಕವಿಗಳನ್ನೂ ನೆನೆಯುತ್ತೇವೆ. ಆನವಟ್ಟಿಯಂಥ ಗಡಿಯೂರಿಗೆ ಅದು, ಬೆನ್ನ ಹಿಂದಿದ್ದ ನೆರೆಯೂರು ಎದುರಿಗೆ ಬಂದ ಹಾಗೆ.

ದಾರಿಯಿಂದ ಬೆಳೆಗಾರನಿಗೆ ದೊರೆಯುವ ಲಾಭವಾದರೂ ಯಾವುದು? ಸರಕು ಬೇಗ ಹೋಗುತ್ತದೆ ಎಂಬುದು ಸುಲಭದ ಉತ್ತರ. ಅದಕ್ಕಿಂತ ದೊಡ್ಡದು ಆಯ್ಕೆ. ಅಡಕೆಯ ಮಾತನ್ನೇ ನೋಡಿ. ಒಂದೇ ದಾರಿಯ ಊರಿನವನು ಆ ದಾರಿಯ ಕೊನೆಯಲ್ಲಿರುವ ಪೇಟೆ ಹೇಳಿದ ಬೆಲೆಗೆ ತಲೆಬಾಗಬೇಕು. ಶಿವಮೊಗ್ಗ, ಸಾಗರ, ಶಿರಸಿ ಎಂಬ ಮೂರು ಪೇಟೆಗಳು ಎಟುಕುವವನು ವಿಚಾರಿಸಿ ಮಾರಬಲ್ಲ. ಶಿವಮೊಗ್ಗದ ಮ್ಯಾಮ್ಕೋಸ್, 1923ರಲ್ಲಿ ಹುಟ್ಟಿದ ಶಿರಸಿಯ ತೋಟಗಾರ್ಸ್ ಸಹಕಾರಿ ಸಂಘ ಇವು ಬೆಳೆಗಾರನ ಬೆನ್ನಿಗೆ ನಿಂತ ಸಂಸ್ಥೆಗಳು. ಆದರೆ ಆ ಸಂಘದ ಬಾಗಿಲವರೆಗೆ ಮೂಟೆ ಹೋಗಬೇಕಾದರೆ ಮಳೆಗಾಲದಲ್ಲಿಯೂ ನಡೆಯುವ ದಾರಿ ಬೇಕು.

ಇನ್ನೊಂದು ಲಾಭ ಲಾರಿಯ ಬಾಡಿಗೆಯಲ್ಲಿದೆ. ತುಂಬಿಕೊಂಡು ಹೋಗಿ ಬರಿದಾಗಿ ಬರುವ ಲಾರಿ ಎರಡೂ ಕಡೆಯ ಖರ್ಚನ್ನು ಹೋಗುವ ಸರಕಿನ ಮೇಲೆಯೇ ಹೊರಿಸುತ್ತದೆ. ಭತ್ತ, ಜೋಳ, ಶುಂಠಿ ಹೊರಗೆ ಹೋಗುವ, ಗೊಬ್ಬರ, ಸಿಮೆಂಟು, ಕಿರಾಣಿ ಒಳಗೆ ಬರುವ ಕೂಡುದಾರಿಯಲ್ಲಿ ವಾಪಸು ಲೋಡು ಸಿಗುವ ಸಂಭವ ಹೆಚ್ಚು. ಅಷ್ಟರಮಟ್ಟಿಗೆ ಮೂಟೆಯೊಂದರ ಬಾಡಿಗೆ ಇಳಿಯುತ್ತದೆ. ನಾಲ್ಕು ದಾರಿ ಕೂಡುವ ಊರಿಗೆ ಇದು ನೆಲವೇ ಕೊಟ್ಟ ಅನುಕೂಲ.

ಇಷ್ಟು ಹೇಳಿದ ಮೇಲೆ ಎಚ್ಚರದ ಮಾತೊಂದನ್ನು ಹೇಳಬೇಕು. ದಾರಿ ತಂದ ಸಿರಿಯನ್ನು ಇನ್ನೊಂದು ದಾರಿ ಒಯ್ಯಬಲ್ಲದು. ಇದಕ್ಕೆ ನಮ್ಮ ಪಶ್ಚಿಮದಲ್ಲಿರುವ ಕುಮಟೆಯೇ ಸಾಕ್ಷಿ. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಬರ ಬಂದಾಗ, ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಏರಿತು. ಅದು ಘಟ್ಟವಿಳಿದು ಕುಮಟೆಯ ಬಂದರಿನಿಂದ ಹಡಗು ಹತ್ತುತ್ತಿತ್ತು. ಬಯಲುಸೀಮೆಯಲ್ಲಿ ಬೆಳೆದ ಆ ಹತ್ತಿಗೆ ದೂರದ ಮಾರುಕಟ್ಟೆಯಲ್ಲಿ ಕುಮಟಾ ಹತ್ತಿ ಎಂದೇ ಹೆಸರು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಮುಂಬಯಿಗೆ ಸೇರಿಸಿದ್ದಕ್ಕೂ ಈ ಹತ್ತಿಯ ಹಾದಿಗೂ ಸಂಬಂಧವಿತ್ತು. 1880ರ ದಶಕದಲ್ಲಿ ರೈಲು ಬಂದು ಮಾರ್ಮಗೋವಾ ಬಂದರನ್ನು ಮುಟ್ಟಿದ ಮೇಲೆ ಹತ್ತಿ ಆ ಕಡೆ ತಿರುಗಿತು; ಕುಮಟೆಗೆ ಹೆಸರಷ್ಟೇ ಉಳಿಯಿತು.

ಹಾಗಾದರೆ ದಾರಿಯ ಸಿರಿ ನಿಲ್ಲುವುದು ಎಲ್ಲಿ? ಉತ್ತರಕ್ಕೆ ನೆರೆಯ ಬ್ಯಾಡಗಿಯನ್ನು ನೋಡಬಹುದು. ಅದೇ ರೈಲುಮಾರ್ಗ, ಅದೇ ಹೆದ್ದಾರಿ ಎಷ್ಟೋ ಊರುಗಳ ಮಗ್ಗುಲಲ್ಲಿ ಹಾದುಹೋಗಿವೆ. ಆದರೆ ಬಳ್ಳಾರಿ, ರಾಯಚೂರು, ಆಂಧ್ರಗಳ ಹೊಲದಲ್ಲಿ ಬೆಳೆದ ಮೆಣಸಿನಕಾಯಿ ಅಷ್ಟು ದೂರದಿಂದ ಬರುವುದು ಬ್ಯಾಡಗಿಗೆ. ಯಾಕೆಂದರೆ ಅಲ್ಲಿ ಕೊಳ್ಳುವವರಿದ್ದಾರೆ, ತೂಕದವರಿದ್ದಾರೆ, ತೊಟ್ಟು ಬಿಡಿಸುವ ಕೈಗಳಿವೆ. ಬೆಲೆ ಬಿದ್ದಾಗ ಕಾಯನ್ನು ಕಾಪಾಡುವ ಶೀತಲಗೃಹಗಳಿವೆ. ಸರಕು ಅಲ್ಲಿ ತಂಗುತ್ತದೆ. ತಂಗಿದಲ್ಲಿ ಹಮಾಲಿಗೆ ಕೂಲಿ, ಅಂಗಡಿಗೆ ಗಿರಾಕಿ, ಬೆಳೆಗಾರನಿಗೆ ‘ಈ ಬೆಲೆಗೆ ಕೊಡಲಾರೆ’ ಎನ್ನುವ ಧೈರ್ಯ.

ಈ ಧೈರ್ಯವೇ ಮುಖ್ಯ. ಒಣಗಿದ ಅಡಕೆ ಮನೆಯಲ್ಲಿ ಕಾದೀತು. ಸೊರಬ, ಬನವಾಸಿಗಳ ಕಡೆ ಬೆಳೆಯುವ ಅನಾನಸು ಕಾಯಲಾರದು. ಹಣ್ಣಾದ ಮೇಲೆ ಅದಕ್ಕಿರುವುದು ಕೆಲವೇ ದಿನ. ಅಷ್ಟರಲ್ಲಿ ಹೊಲದ ಬದುವಿಗೆ ಯಾರ ಲಾರಿ ಬಂದು ನಿಂತಿತೋ ಅವರದೇ ಬೆಲೆ. ದಾರಿ ಚೆನ್ನಾಗಿದ್ದಷ್ಟೂ ಆ ಲಾರಿ ಬೇಗ ಬರುತ್ತದೆ, ಬೇಗ ಹೋಗುತ್ತದೆ. ಊರಿಗೆ ಉಳಿಯುವುದು ಚಕ್ರದ ಗುರುತು.

ಶಿರಾಳಕೊಪ್ಪದ ಪಕ್ಕದ ಬಳ್ಳಿಗಾವೆ ಈ ಸಂಗತಿಯನ್ನು ಸಾವಿರ ವರ್ಷಗಳ ಹಿಂದೆಯೇ ಬಲ್ಲದು. ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿ ಅದು. ಅಲ್ಲಿ ಬಣಜಿಗರ ಸಂಘಗಳಿದ್ದವು, ಸಂತೆಯಿತ್ತು, ಮಠಗಳಿದ್ದವು, ದೂರದಿಂದ ಬಂದವರಿಗೆ ಅನ್ನವೂ ವಿದ್ಯೆಯೂ ದೊರೆಯುತ್ತಿದ್ದವು. 1047ರ ಗಂಡಭೇರುಂಡ ಕಂಬ ಇಂದಿಗೂ ನಿಂತಿದೆ. ಅದರ ಹೆಸರಿನ ಭೇರುಂಡಗಳೆ ಎಂಬ ಅಳತೆಗೋಲು ನೆಲವನ್ನು ಅಳೆಯಲು ಬಳಕೆಯಲ್ಲಿತ್ತು. ಎಲ್ಲರೂ ಒಪ್ಪಿದ ಒಂದು ಅಳತೆ, ಬಂದವರು ತಂಗಲು ಒಂದು ನೆರಳು, ಮಾತು ನಡೆಸುವ ಒಂದು ಸಂಘ – ಬಳ್ಳಿಗಾವೆಯನ್ನು ಪಟ್ಟಣ ಮಾಡಿದ್ದರಲ್ಲಿ ದಾರಿಯಷ್ಟೇ ಪಾಲು ಇವುಗಳದೂ ಹೌದು. ಆ ಆಸರೆ ಹೋದ ಮೇಲೆ ದಾರಿಗಳಿದ್ದೂ ಬಳ್ಳಿಗಾವೆ ಹಳ್ಳಿಯಾಯಿತು. ಕೇದಾರೇಶ್ವರ, ತ್ರಿಪುರಾಂತಕ ಗುಡಿಗಳನ್ನು ನೋಡಲು ಹೋದವರು ಶಿಲ್ಪದ ಜೊತೆಗೆ ಇದನ್ನೂ ನೆನೆಯಬೇಕು.

ಈಗ ಶಿವಮೊಗ್ಗದಿಂದ ಶಿಕಾರಿಪುರದ ಮೂಲಕ ರಾಣೆಬೆನ್ನೂರಿಗೆ ಹೊಸ ರೈಲುಮಾರ್ಗದ ಕೆಲಸ ನಡೆದಿದೆ. 2023ರ ಫೆಬ್ರುವರಿಯಲ್ಲಿ ಶಿವಮೊಗ್ಗಕ್ಕೆ ವಿಮಾನ ನಿಲ್ದಾಣವೂ ಆಯಿತು. ರೈಲು ಆನವಟ್ಟಿಯನ್ನು ಮುಟ್ಟುವುದಿಲ್ಲ; ಶಿಕಾರಿಪುರಕ್ಕೆ ಬರುತ್ತದೆ. ಕುಮಟೆಯ ಕತೆ ಇಲ್ಲಿಯೂ ನಡೆಯಬಹುದು, ಬ್ಯಾಡಗಿಯ ಕತೆಯೂ ನಡೆಯಬಹುದು. ಯಾವುದು ನಡೆಯಬೇಕೆಂಬುದು ರೈಲಿನ ಕೈಯಲ್ಲಿಲ್ಲ.

ರಸ್ತೆ ಅಗಲವಾಗಲಿ ಎಂದು ಕೇಳಲು ನಾವು ಕಲಿತಿದ್ದೇವೆ. ಅದರೊಡನೆ ಇನ್ನು ಕೆಲವನ್ನು ಕೇಳಬೇಕಾಗಿದೆ: ನಂಬಿಕೆಯ ತೂಕದ ಕಟ್ಟೆ, ಭತ್ತ ಜೋಳಗಳನ್ನು ಒಣಗಿಸುವ ಕಣ, ಮೂಟೆಯನ್ನಿಟ್ಟು ಅದರ ಮೇಲೆ ಅಡಮಾನ ಸಾಲ ಪಡೆಯಬಹುದಾದ ಉಗ್ರಾಣ, ಅನಾನಸನ್ನು ಒಂದು ವಾರವಾದರೂ ಕಾಯಿಸಬಲ್ಲ ತಣ್ಣನೆಯ ಕೋಣೆ, ತೋಟದಿಂದ ಹೆದ್ದಾರಿಗೆ ಬರುವ ಒಂದೆರಡು ಮೈಲಿಯ ಕೆಸರಿಲ್ಲದ ದಾರಿ. ಹೆದ್ದಾರಿಯ ಖರ್ಚಿನ ಮುಂದೆ ಇವು ಅಲ್ಪ. ಆದರೆ ಜೂನ್ ತಿಂಗಳ ಮಳೆಯಲ್ಲಿ ಹಣ್ಣಿನ ರಾಶಿಯ ಮುಂದೆ ನಿಂತ ರೈತ ಲಾರಿಯವನಿಗೆ ‘ನಾಳೆ ಬನ್ನಿ’ ಎಂದು ಹೇಳಬಲ್ಲನೆ, ಇಲ್ಲವೆ ಎಂಬುದನ್ನು ತೀರ್ಮಾನಿಸುವುದು ಇವೇ.